ಹಂಡೆಗೆ ಬಿದ್ದ ಬಿಳಿ ಅಣಬೆ

"ಇದಾ? ಇದನ್ನ ಅಣಬೆ ಅಂತಾರಾ ನಿಮ್ಮೂರಲ್ಲಿ?"

ಎರಡು ಜಡೆಯ ಹುಡುಗಿ ಕಿಸಕ್ಕನೆ ನಕ್ಕಳು. ಸಾಸಿವೆಯ ಅಂಗೈಯಲ್ಲಿ ಒಂದು ಮುದುಡಿದ ಕಂದು ಅಣಬೆ ಇತ್ತು. ಯಾವುದೋ ಹುಳ ಅದರ ಟೊಪ್ಪಿಯನ್ನು ಆಗಲೇ ಅರ್ಧ ತಿಂದು ಮುಗಿಸಿತ್ತು.

"ಮೇಷ್ಟ್ರು ಬೇಡ ಅಂದ್ರು," ಎಂದಳು ಸಾಸಿವೆ.

"ಅನ್ನದೇ ಇನ್ನೇನು? ನನ್ನ ಕೈ ನೋಡು, ಮೂರು ಸೀಲು!"

ಅವಳ ಮುಂಗೈ ಮೇಲೆ ಹಸಿರು ಇಂಕಿನ ಮೂರು ಪುಟ್ಟ ಕೊಡೆಗಳಿದ್ದವು. ಮೇಷ್ಟ್ರು ಸರಿ ಎಂದ ಒಂದೊಂದು ಅಣಬೆಗೂ ಒಂದೊಂದು ಸೀಲು. ಆ ಅಣಬೆಗಳೆಲ್ಲ ಮಧ್ಯಾಹ್ನದ ಸೂಪಿಗೆ.

"ಪೇಟೆಯವರಿಗೆ ಅಣಬೆ ಅಂದ್ರೆ ಅಂಗಡಿ ಪ್ಯಾಕೆಟಲ್ಲಿ ಬರೋದು ಅಷ್ಟೇ," ಎಂದು ಹೇಳಿ ಅವಳು ಜಡೆ ಹಾರಿಸಿಕೊಂಡು ಹೊರಟೇಹೋದಳು.

ಸಾಸಿವೆ ಎಂಬುದು ಅಪ್ಪ ಇಟ್ಟ ಅಡ್ಡಹೆಸರು. ನೋಡಲು ಇಷ್ಟೇ ಇಷ್ಟು, ಯಾರಾದರೂ ಒಂದು ಮಾತು ಅಂದರೆ ಮಾತ್ರ ಕಾದ ಎಣ್ಣೆಗೆ ಬಿದ್ದ ಹಾಗೆ ಚಟಪಟ ಸಿಡಿಯುತ್ತಾಳೆ. ಆದರೆ ಇವತ್ತು ಸಿಡಿಯಲು ಒಂದು ಮಾತೂ ಸಿಗಲಿಲ್ಲ. ಮೂಗಿನ ತುದಿ ಮಾತ್ರ ಬಿಸಿಯಾಯಿತು.

ಅಪ್ಪನದು ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುವ ಕೆಲಸ. ಹಳೆಯ ನೀಲಿ ವ್ಯಾನಿನ ಹಿಂಬದಿಯಲ್ಲೇ ಸಾಣೆಯ ಚಕ್ರ, ಮೋಟರು, ನೀರಿನ ಡಬ್ಬ ಎಲ್ಲ ಇತ್ತು. ನೂರಾರು ಜನಕ್ಕೆ ಅಡುಗೆ ನಡೆಯುವ ಕಡೆ ಮೊಂಡು ಚಾಕುಗಳಿಗೇನು ಬರ? ಹಾಗಾಗಿ ಭಾನುವಾರ ಬಂತೆಂದರೆ ಅಪ್ಪ ಯಾರೂ ಹೆಸರು ಕೇಳಿರದ ಯಾವುದೋ ಚಿಕ್ಕ ಊರಿನ ಊಟದ ಹಬ್ಬಕ್ಕೆ ವ್ಯಾನು ಓಡಿಸುತ್ತಿದ್ದ. ಅಮ್ಮನಿಗೆ ಭಾನುವಾರವೂ ಬೇಕರಿಯಲ್ಲಿ ಕೆಲಸ. ಅದಕ್ಕೇ ಸಾಸಿವೆಯೂ ಅಪ್ಪನ ಜೊತೆ.

ಹೋದ ತಿಂಗಳು ಈರುಳ್ಳಿ ಹಬ್ಬ. ಅಲ್ಲಿ ಇಡೀ ಊರೇ ಅಳುತ್ತಾ ನಗುತ್ತಿತ್ತು. ಅದಕ್ಕೆ ಮುಂಚೆ ಕುಂಬಳಕಾಯಿ ಹಬ್ಬ. ಒಂದೇ ಒಂದು ಕಾಯಿ ಎತ್ತಲು ನಾಲ್ಕು ಜನ ಬೇಕಾಗಿತ್ತು. ಈ ವಾರ ಅಣಬೆ ಹಬ್ಬ. ಊರಿನ ಶಾಲೆಯ ಆಟದ ಮೈದಾನದಲ್ಲಿ ಟೆಂಟು ಹಾಕಿದ್ದರು. ಟೆಂಟಿನ ಒಳಗೆ ಒಲೆಯ ಮೇಲೆ, ಸಾಸಿವೆ ಒಳಗೆ ನಿಂತರೆ ತಲೆ ಮಾತ್ರ ಕಾಣುವಷ್ಟು ದೊಡ್ಡ ಹಂಡೆ. ಬಾಗಿಲಲ್ಲಿ ಒಂದು ಬೋರ್ಡು: "ಮೇಷ್ಟ್ರು ನೋಡದ ಅಣಬೆ ಹಂಡೆಗೆ ಇಲ್ಲ."

ಸಾಸಿವೆ ವ್ಯಾನಿನ ಕಡೆ ನೋಡಿದಳು. ಅಪ್ಪ ತಲೆ ಬಗ್ಗಿಸಿ ಚಾಕು ಉಜ್ಜುತ್ತಿದ್ದ. ಚಕ್ರದಿಂದ ಕಿಡಿಗಳು ಹಾರುತ್ತಿದ್ದವು. ಅವಳು ಸದ್ದಿಲ್ಲದೆ ಶಾಲೆಯ ಹಿಂದಿನ ಮರಗಳ ಗುಂಪಿಗೆ ನಡೆದಳು.

ಅಲ್ಲಿ ನೆಲವೆಲ್ಲ ಒದ್ದೆ ಎಲೆ. ಕೋಲಿನಿಂದ ಎಲೆ ಸರಿಸಿದಳು. ಏನೂ ಇಲ್ಲ. ಇನ್ನೊಂದು ಮರ, ಮತ್ತೊಂದು ಮರ. ಆರನೆಯ ಮರದ ಬುಡದಲ್ಲಿ ಅವಳು ಉಸಿರು ಹಿಡಿದು ನಿಂತಳು.

ಒಂದೇ ಒಂದು ಅಣಬೆ. ಅಚ್ಚ ಬಿಳಿ. ಒಂದು ಕಲೆಯಿಲ್ಲ, ಒಂದು ಹುಳ ಮುಟ್ಟಿಲ್ಲ. ಕಾಂಡದ ಮೇಲ್ಗಡೆ ತೆಳ್ಳನೆಯ ಪರದೆ, ಥೇಟ್ ಗೊಂಬೆಯ ಲಂಗದ ಹಾಗೆ.

"ಈಗ ಹೇಳಲಿ ನೋಡೋಣ, ಪ್ಯಾಕೆಟ್ ಅಂತೆ ಪ್ಯಾಕೆಟ್ಟು!" ಎಂದು ಸಾಸಿವೆ ಅದನ್ನು ಹಿಡಿದು ಎಳೆದಳು. ಅದು ಪಟ್ಟನೆ ಮುರಿಯಿತು. ಬುಡ ಮಣ್ಣಿನಲ್ಲೇ ಉಳಿಯಿತು.

ಮೈದಾನಕ್ಕೆ ಓಡಿ ಬಂದಾಗ ಮೇಷ್ಟ್ರ ಕುರ್ಚಿ ಖಾಲಿ. ಅವರು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಮೇಜಿನ ಮೇಲೆ ಹಸಿರು ಬಟ್ಟೆ ಕಟ್ಟಿದ ಬುಟ್ಟಿ ಇತ್ತು. ಅದು ಮೇಷ್ಟ್ರು ನೋಡಿ ಸರಿ ಎಂದ ಅಣಬೆಗಳ ಬುಟ್ಟಿ.

"ಕೊನೇ ಬುಟ್ಟಿ! ತಂದುಬಿಡ್ರೀ, ಹೊತ್ತಾಯ್ತು!" ಎಂದು ಟೆಂಟಿನ ಒಳಗಿನಿಂದ ಯಾರೋ ಕೂಗಿದರು. ಒಬ್ಬ ಹೆಂಗಸು ಬುಟ್ಟಿಯ ಕಡೆ ಬರುತ್ತಿದ್ದಳು.

ಇಷ್ಟು ಚೆಂದದ ಅಣಬೆ. ಮೇಷ್ಟ್ರು ಇದ್ದಿದ್ದರೆ ಖಂಡಿತ ಹ್ಞೂಂ ಅನ್ನುತ್ತಿದ್ದರು. ಸಾಸಿವೆ ಆಚೆ ಈಚೆ ನೋಡಿದಳು. ಬಿಳಿ ಅಣಬೆಯನ್ನು ಬುಟ್ಟಿಯೊಳಗೆ ತುರುಕಿದಳು. ಬುಟ್ಟಿಯ ಅಂಚಿಗೆ ತಾಗಿ ಅದರ ಲಂಗ ಹರಿದು ಕೆಳಗೆ ಬಿತ್ತು. ಹೆಂಗಸು ಬಂದು ಬುಟ್ಟಿ ಎತ್ತಿಕೊಂಡು ಹೋದಳು.

ಎರಡು ಜಡೆಯವಳು ಸಿಕ್ಕಿದ್ದೇ ತಡ, ಸಾಸಿವೆ ಎದೆಯುಬ್ಬಿಸಿ ಹೇಳಿದಳು, "ನಂದೂ ಹಂಡೇಲಿದೆ ಈಗ. ನಿನ್ನ ಮೂರಕ್ಕಿಂತ ದೊಡ್ಡದು."

"ಸೀಲು ಎಲ್ಲಿ?"

"ಇಂಕು... ಇಂಕು ಮುಗಿದಿತ್ತು."

ಎರಡು ಜಡೆಯವಳು ಹುಬ್ಬು ಏರಿಸಿದಳು.

ಕೈ ಒರೆಸಿಕೊಳ್ಳುತ್ತಾ ಮೇಷ್ಟ್ರು ಬಂದರು. ಅವರು ಮೊದಲು ಇದೇ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರಂತೆ. ಈಗ ರಿಟೈರ್ ಆಗಿದ್ದಾರೆ. ಆದರೂ ಮಕ್ಕಳು ಕಂಡರೆ ಪಾಠ ಶುರು. ಒಂದು ದಪ್ಪ ಪುಸ್ತಕ ಬಿಡಿಸಿ, ಸುತ್ತ ಸೇರಿದವರಿಗೆ ಚಿತ್ರ ತೋರಿಸಿದರು.

"ಇದನ್ನ ನೋಡ್ರಪ್ಪ. ಎಷ್ಟು ಚೆಂದ ಇದೆ ಅಲ್ವಾ?"

ಸಾಸಿವೆ ಇಣುಕಿದಳು. ಅಚ್ಚ ಬಿಳಿ. ಕಾಂಡದ ಮೇಲ್ಗಡೆ ಗೊಂಬೆಯ ಲಂಗ.

"ಚೆಂದ ಅಂತ ಮೋಸ ಹೋಗ್ಬಾರದು. ಇದರ ಬುಡ ಮಣ್ಣೊಳಗೆ ಇರುತ್ತೆ, ಒಡೆದ ಮೊಟ್ಟೆ ಚಿಪ್ಪಿನ ಥರ ಒಂದು ಚೀಲದಲ್ಲಿ. ಅದನ್ನ ನೋಡದೆ ಕಿತ್ತುಕೊಂಡು ಬಂದ್ರೆ ಕೆಟ್ಟೆವು. ಒಂದು ಅಣಬೆ ಸಾಕು, ದೊಡ್ಡವರ ಪ್ರಾಣ ತೆಗೆಯೋಕೆ. ಬೇಯಿಸಿದ್ರೂ ವಿಷ ಹೋಗಲ್ಲ."

"ತಿಂದ ತಕ್ಷಣ ಗೊತ್ತಾಗುತ್ತಾ ಮೇಷ್ಟ್ರೇ?" ಎಂದು ಯಾರೋ ಕೇಳಿದರು.

"ಅದೇ ಕಷ್ಟ. ಗೊತ್ತಾಗೋದೇ ಇಲ್ಲ. ರುಚಿಯಾಗೇ ಇರುತ್ತಂತೆ. ಹೊಟ್ಟೆ ನೋವು ಬರೋ ಹೊತ್ತಿಗೆ ಅರ್ಧ ದಿನ ಕಳೆದಿರುತ್ತೆ."

ಸಾಸಿವೆಯ ಕಿವಿಯಲ್ಲಿ ಗುಂಯ್ ಎಂದಿತು. ಸುತ್ತಲಿನ ಮಾತುಗಳೆಲ್ಲ ದೂರ ಹೋದವು. ಅವಳು ಎರಡೂ ಕೈಗಳನ್ನು ಫ್ರಾಕಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಆಮೇಲೆ ಟೆಂಟಿನ ಕಡೆಗೆ ಓಡಿದಳು.

ಹಸಿರು ಬಟ್ಟೆಯ ಬುಟ್ಟಿ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಉದ್ದದ ಹಲಗೆಯ ಮೇಲೆ ನಾಲ್ಕು ಚಾಕುಗಳು, ಅಪ್ಪ ಬೆಳಗ್ಗೆಯಷ್ಟೇ ಸಾಣೆ ಹಿಡಿದ ಚಾಕುಗಳು, ಒದ್ದೆಯಾಗಿ ಹೊಳೆಯುತ್ತಿದ್ದವು. ಅಣಬೆ ಒಂದೂ ಉಳಿದಿರಲಿಲ್ಲ. ಹಂಡೆಯಲ್ಲಿ ಸೂಪು ಕುದಿಯುತ್ತಿತ್ತು. ನೂರಾರು ಬಿಳಿ, ಕಂದು ಚೂರುಗಳು ಮೇಲೆ ಬಂದು ಮುಳುಗುತ್ತಿದ್ದವು. ಅವುಗಳಲ್ಲಿ ಯಾವುದು ಅದು?

ಸ್ಟೂಲಿನ ಮೇಲೆ ನಿಂತು ಹಂಡೆ ತಿರುವುತ್ತಿದ್ದವರು ಸೌಟಜ್ಜಿ. ಅವರ ಸೌಟು ದೋಣಿಯ ಹುಟ್ಟಿನಷ್ಟು ಉದ್ದ ಇತ್ತು, ಅದಕ್ಕೇ ಊರಿನವರೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು. ಎರಡು ಜಡೆಯವಳು ಅವರ ಮೊಮ್ಮಗಳು.

"ಏನು ಮರಿ? ವಾಸನೆ ಎಳ್ಕೊಂಡು ಬಂತಾ? ಬೆಲ್ಲು ಹೊಡೀಲಿ, ಮೊದಲ ಬಟ್ಟಲು ಮಕ್ಕಳಿಗೇ," ಎಂದರು ಸೌಟಜ್ಜಿ. ಹೇಳುತ್ತಲೇ ಚಮಚದಲ್ಲಿ ಸ್ವಲ್ಪ ಸೂಪು ತೆಗೆದು, ಊದಿ, ಬಾಯಿಗೆ ಹಾಕಿಕೊಂಡರು. "ಉಪ್ಪು ಸಾಲದು."

ಸಾಸಿವೆ ಬಾಯಿ ತೆರೆದಳು. 'ಅಜ್ಜೀ, ಉಗೀರಿ' ಎನ್ನಬೇಕಿತ್ತು. ನಾಲಿಗೆ ಕಟ್ಟಿಗೆಯಂತಾಗಿತ್ತು.

"ಏನು ಬೇಕಮ್ಮ?"

"ಏ... ಏನಿಲ್ಲ."

ಸೌಟಜ್ಜಿ ಉಪ್ಪು ಉದುರಿಸಿ, ತಿರುವಿ, ಇನ್ನೊಂದು ಚಮಚ ಕುಡಿದರು. "ಹ್ಞಾಂ! ಈಗ ಸರಿಹೋಯ್ತು ನೋಡು."

ಸಾಸಿವೆ ಹೊರಗೆ ಓಡಿದಳು.

ವ್ಯಾನಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಳು. ಹೇಳಿದರೆ ಎಲ್ಲರೂ ಬೈಯುತ್ತಾರೆ. ಪೊಲೀಸರು ಬರಬಹುದು. ಅಪ್ಪನನ್ನು ಇನ್ನು ಯಾವ ಹಬ್ಬಕ್ಕೂ ಕರೆಯುವುದಿಲ್ಲ. ಒಂದು ವೇಳೆ ಅದು ಬೇರೆ ಅಣಬೆ ಆಗಿದ್ದರೆ? ಇರಬಹುದಲ್ಲ? ಬಿಳಿ ಅಣಬೆ ಎಷ್ಟೋ ಇರುತ್ತವೆ.

ಆದರೆ ಲಂಗ? ಲಂಗ ಇತ್ತಲ್ಲ.

ಮೈದಾನದಲ್ಲಿ ಜನ ಬಟ್ಟಲು ಹಿಡಿದು ಸಾಲು ನಿಲ್ಲತೊಡಗಿದ್ದರು. ಒಬ್ಬ ತಾಯಿ ಸೊಂಟದ ಮೇಲೆ ಮಗು ಕೂರಿಸಿಕೊಂಡಿದ್ದಳು. ಮಗು ಖಾಲಿ ಬಟ್ಟಲಿಗೆ ಚಮಚ ಬಡಿದು ಟಣಟಣ ಸದ್ದು ಮಾಡಿ ಕೇಕೆ ಹಾಕುತ್ತಿತ್ತು.

"ಸಾಸಿವೇ! ಎಲ್ಲಿ ಹೋದೆ?" ಅಪ್ಪ ಕರೆದ. ಮೋಟರಿನ ಸದ್ದು ನಿಂತಿತ್ತು.

ಅವಳು ಎದ್ದು ವ್ಯಾನಿನ ಹಿಂದೆ ಬಂದಳು. ಅಲ್ಲಿ ಎರಡು ಜಡೆಯವಳು ನಿಂತಿದ್ದಳು. ಅಪ್ಪನ ಕೈಯಲ್ಲಿ ಹಬೆಯಾಡುವ ಬಟ್ಟಲು.

"ಸಾಣೆ ಮಾಮಂಗೆ ಮೊದಲು ಕೊಡು ಅಂದ್ರು ಅಜ್ಜಿ. ಚಾಕು ಬೆಣ್ಣೆ ಥರ ಓಡ್ತಂತೆ," ಎಂದಳು ಅವಳು.

"ಅಬ್ಬಬ್ಬಾ, ಎಂಥಾ ಘಮ!" ಅಪ್ಪ ಬಟ್ಟಲನ್ನು ತುಟಿಯ ಹತ್ತಿರ ತಂದ.

"ಅಪ್ಪಾ, ಬೇಡ!"

"ಯಾಕೆ ಪುಟ್ಟಾ?"

"ಬಿಸಿ ಇದೆ."

ಅಪ್ಪ ನಕ್ಕ. "ಅದಕ್ಕೇ ಊದೋದು." ಫೂ ಎಂದು ಊದಿದ. ಸೂಪಿನ ಮೇಲೆ ಒಂದು ಬಿಳಿ ಚೂರು ಗಿರ್ರನೆ ತಿರುಗಿತು. ಇನ್ನೊಮ್ಮೆ ಊದಿ, ಬಟ್ಟಲು ಎತ್ತಿದ.

ಸಾಸಿವೆ ಎರಡೂ ಕೈಯಿಂದ ಬಟ್ಟಲನ್ನು ತಳ್ಳಿಬಿಟ್ಟಳು. ಸೂಪು ಅಪ್ಪನ ಅಂಗಿಯ ಮೇಲೆ, ಸಾಣೆಯ ಚಕ್ರದ ಮೇಲೆ ಚೆಲ್ಲಿತು. ಬಟ್ಟಲು ಠಣ್ ಎಂದು ಉರುಳಿತು.

"ಏಯ್! ಹುಚ್ಚು ಹಿಡೀತಾ ನಿನಗೆ?"

"ವಿಷ ಅಪ್ಪಾ! ಅದ್ರಲ್ಲಿ ವಿಷದ ಅಣಬೆ ಇದೆ. ನಾನೇ ಹಾಕಿದ್ದು. ಮೇಷ್ಟ್ರಿಗೆ ತೋರಿಸಲಿಲ್ಲ. ಸುಮ್ಮನೆ ಬುಟ್ಟಿಗೆ ಹಾಕಿಬಿಟ್ಟೆ. ಇಂಕು ಮುಗಿದಿರಲಿಲ್ಲ, ಸುಳ್ಳು ಹೇಳಿದೆ. ಆಮೇಲೆ ಪುಸ್ತಕದಲ್ಲಿ ನೋಡಿದೆ, ಅದೇ ಇತ್ತು, ಲಂಗ..." ಮಾತುಗಳು ಒಂದರ ಮೇಲೊಂದು ಬಿದ್ದವು. ಕೊನೆಗೆ ಅಳು ಎಲ್ಲವನ್ನೂ ನುಂಗಿತು.

ಅಪ್ಪ ಅವಳ ಕೈ ಹಿಡಿದು ಟೆಂಟಿನ ಕಡೆ ಓಡಿದ. ಅಷ್ಟು ಜೋರಾಗಿ ಅಪ್ಪ ಓಡಿದ್ದನ್ನು ಅವಳು ನೋಡಿಯೇ ಇರಲಿಲ್ಲ.

"ನಿಲ್ಲಿಸಿ! ಯಾರಿಗೂ ಬಡಿಸಬೇಡಿ!"

ಸೌಟಜ್ಜಿಯ ಸೌಟು ಗಾಳಿಯಲ್ಲೇ ನಿಂತಿತು. ಸಾಲಿನ ಮೊದಲ ಹುಡುಗ ಬಟ್ಟಲು ಚಾಚಿದ್ದ. ಬಟ್ಟಲು ಇನ್ನೂ ಖಾಲಿಯೇ ಇತ್ತು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಮೇಷ್ಟ್ರು ಸಾಸಿವೆಯ ಮುಂದೆ ಮಂಡಿಯೂರಿ ಕೂತರು.

"ಎಲ್ಲಿ ಕಿತ್ತೆ? ತೋರಿಸ್ತೀಯಾ?"

ಆರನೆಯ ಮರದ ಬುಡದಲ್ಲಿ ಮುರಿದ ಕಾಂಡದ ತುದಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಮೇಷ್ಟ್ರು ಪುಟ್ಟ ಚಾಕುವಿನಿಂದ ಸುತ್ತಲಿನ ಮಣ್ಣು ಬಿಡಿಸಿದರು. ಮಣ್ಣೊಳಗೆ, ಒಡೆದ ಮೊಟ್ಟೆ ಚಿಪ್ಪಿನ ಹಾಗೆ, ಒಂದು ಬಿಳಿ ಚೀಲ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅದೇನಾ ಮೇಷ್ಟ್ರೇ?"

"ಅದೇ ಕಣಮ್ಮ."

"ಹಂಡೆ ಅಷ್ಟು ದೊಡ್ಡದಿದೆಯಲ್ಲ. ಒಂದೇ ಅಣಬೆ..."

"ಹೌದು. ಆದರೆ ಅದರ ಚೂರುಗಳೆಲ್ಲ ಯಾರ ಬಟ್ಟಲಿಗೆ ಬೀಳ್ತಿತ್ತೋ ಯಾರಿಗೆ ಗೊತ್ತು?"

ಸಾಸಿವೆಗೆ ಟಣಟಣ ಸದ್ದು ಮಾಡುತ್ತಿದ್ದ ಮಗುವಿನ ನೆನಪಾಯಿತು. ಆಗಲೇ ಅವಳಿಗೆ ಇನ್ನೊಂದೂ ನೆನಪಾದದ್ದು.

"ಮೇಷ್ಟ್ರೇ, ಅಜ್ಜಿ ಕುಡಿದ್ರು. ಉಪ್ಪು ನೋಡೋಕೆ. ಎರಡು ಚಮಚ. ನಾನು ನೋಡ್ತಾ ನಿಂತಿದ್ದೆ. ಹೇಳಲಿಲ್ಲ."

ಸೌಟಜ್ಜಿಯನ್ನು ಕೂಡಲೇ ಆಸ್ಪತ್ರೆಗೆ ಕಳಿಸಿ, ಮೈದಾನದ ಹಿಂದೆ ಗುಂಡಿ ತೋಡಿದರು. ಹತ್ತು ಜನ ಹಂಡೆಯನ್ನು ಹೊತ್ತು ತಂದು ಬಗ್ಗಿಸಿದರು. ಬೆಳಗಿನ ಜಾವದಿಂದ ಬೇಯಿಸಿದ ಸೂಪು ಬುಸ್ ಎಂದು ಹಬೆ ಬಿಡುತ್ತಾ ಮಣ್ಣಿಗೆ ಇಳಿಯಿತು. ಆಗಲೂ ಅದು ಘಮಘಮ ಎನ್ನುತ್ತಿತ್ತು. ಅದೇ ಸಾಸಿವೆಗೆ ಹೆಚ್ಚು ಭಯವಾದದ್ದು. ಜನ ಗುಸುಗುಸು ಮಾತಾಡುತ್ತಾ ಚದುರಿದರು. ಕೆಲವರು ಅವಳ ಕಡೆ ತಿರುಗಿ ನೋಡಿದರು. ಯಾರೋ "ಆ ಹುಡುಗೀನೇ" ಎಂದರು.

ಊರಿನ ಆಸ್ಪತ್ರೆ ಚಿಕ್ಕದು. ಒಟ್ಟು ಆರು ಹಾಸಿಗೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಸೌಟಜ್ಜಿಯನ್ನು ಮಲಗಿಸಿ ಕೈಗೆ ಡ್ರಿಪ್ ಹಾಕಿದ್ದರು. ವಿಷ ಹೀರಿಕೊಳ್ಳಲೆಂದು ಕಪ್ಪಗೆ ಇದ್ದಿಲ ನೀರಿನಂಥದ್ದೇನೋ ಕುಡಿಸಿದ್ದರು. ಅಜ್ಜಿಯ ಹಲ್ಲೆಲ್ಲ ಕಪ್ಪಾಗಿತ್ತು.

ಡಾಕ್ಟರಮ್ಮ ಅಪ್ಪನಿಗೆ ಹೇಳುತ್ತಿದ್ದುದು ಸಾಸಿವೆಗೂ ಕೇಳಿಸಿತು. "ಎರಡೇ ಚಮಚ, ಅದೂ ಬರೀ ನೀರು. ಏನೂ ಆಗಲಿಕ್ಕಿಲ್ಲ. ಆದರೆ ವಯಸ್ಸಾದವರು. ನಾಳೆ ಇದೇ ಹೊತ್ತಿನವರೆಗೆ ಕಾಯಲೇಬೇಕು. ಅಲ್ಲಿವರೆಗೆ ನಾನು ಏನೂ ಹೇಳಲಾರೆ."

ಎರಡು ಜಡೆಯವಳು ಬಾಗಿಲಲ್ಲೇ ಸಾಸಿವೆಯನ್ನು ತಡೆದಳು. ಅವಳ ಕಣ್ಣು ಊದಿಕೊಂಡಿತ್ತು.

"ನಮ್ಮಜ್ಜಿಗೆ ಏನಾದ್ರೂ ಆದ್ರೆ..." ಎಂದಳು.

ಸಾಸಿವೆ ತಲೆ ತಗ್ಗಿಸಿ ನಿಂತಳು.

"ಯಾರದು ಬಾಗಿಲಲ್ಲಿ?" ಒಳಗಿನಿಂದ ಸೌಟಜ್ಜಿ ಕೂಗಿದರು. "ಅವಳನ್ನ ಒಳಗೆ ಬಿಡೇ. ಬಾ ಮರಿ, ಹೆದರ್ಬೇಡ. ನನ್ನ ಹಲ್ಲು ನೋಡಿದ್ಯಾ? ಇದ್ದಿಲು ತಿಂದ ಕೋತಿ ಥರ ಕಾಣ್ತೀನಿ ಅಲ್ವಾ?"

ಅಜ್ಜಿ ಈ ಎಂದು ಹಲ್ಲು ಕಿರಿದರು. ಸಾಸಿವೆಗೆ ನಗು ಬರಲಿಲ್ಲ.

"ಅಜ್ಜೀ, ನೀವು ಕುಡಿಯೋವಾಗ ನಾನು ಅಲ್ಲೇ ಇದ್ದೆ. ಬಾಯೇ ಬರಲಿಲ್ಲ."

"ಗೊತ್ತು. ಮುಖ ಸುಣ್ಣದ ಹಾಗಾಗಿತ್ತು. ನಾನೊಬ್ಬಳು ದಡ್ಡಿ, ಹಸಿವು ಅಂದ್ಕೊಂಡೆ. ನೋಡು, ನನಗೇನೂ ಭಯ ಇಲ್ಲ. ನಲವತ್ತು ವರ್ಷ ಒಲೆ ಮುಂದೆ ನಿಂತಿದೀನಿ. ಇವತ್ತೇ ಮೊದಲು ಹಾಡಹಗಲಲ್ಲಿ ಮಲಗಿರೋದು. ಇದೂ ಒಂಥರಾ ಚೆನ್ನಾಗಿದೆ!"

ಅಜ್ಜಿ ಒಂದಾದ ಮೇಲೊಂದು ತಮಾಷೆ ಮಾಡುತ್ತಲೇ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಮೊಮ್ಮಗಳೂ ಮೂಗು ಸೊರ್ ಎಂದು ಏರಿಸಿಕೊಂಡು ನಕ್ಕಳು. ಸಾಸಿವೆ ಮಾತ್ರ ಡ್ರಿಪ್ಪಿನ ಹನಿಗಳನ್ನೇ ಎಣಿಸುತ್ತಾ ನಿಂತಿದ್ದಳು.

ಅಪ್ಪ ಊರಿಗೆ ಹೊರಡಲಿಲ್ಲ. ವ್ಯಾನನ್ನು ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಿದ. ನಾಳೆ ಸ್ಕೂಲಿಗೆ ರಜೆ ಎಂದ. ಬೈಯುತ್ತಾನೆ ಎಂದು ಸಾಸಿವೆ ಕಾದಳು. ಅಪ್ಪ ಬೈಯಲಿಲ್ಲ. ಅಂಗಿಯ ಮೇಲಿನ ಸೂಪಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಾ ಕೂತಿದ್ದ. ಕಲೆ ಹೋದ ಮೇಲೂ ಉಜ್ಜುತ್ತಲೇ ಇದ್ದ.

"ಅಪ್ಪಾ, ಬೈಯಿ ನನ್ನ."

"ಈಗ ಬೇಡ ಪುಟ್ಟಾ. ನಾಳೆ ಅಜ್ಜಿ ಮನೆಗೆ ಹೋಗ್ಲಿ."

ಅಜ್ಜಿ ಮನೆಗೆ ಹೋಗದಿದ್ದರೆ? ಅದನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಆ ಇರುಳು ವ್ಯಾನಿನ ಸೀಟಿನಲ್ಲಿ ಮುದುಡಿ ಮಲಗಿದವಳಿಗೆ ಬೆಳಗು ಬಂದೇ ಬರುತ್ತದೆಂಬ ನಂಬಿಕೆಯೇ ಹೋಗಿತ್ತು.

ಬೆಳಗಾಯಿತು. ಎಂಟು ಗಂಟೆ. ಹತ್ತು. ಹನ್ನೊಂದು. ಆಸ್ಪತ್ರೆಯ ಬಾಗಿಲು ಕಿರ್ ಎಂದಾಗಲೆಲ್ಲ ಸಾಸಿವೆ ಎದ್ದು ನಿಲ್ಲುತ್ತಿದ್ದಳು. ಅಂತೂ ಮಧ್ಯಾಹ್ನ ಎರಡೂವರೆಗೆ ಡಾಕ್ಟರಮ್ಮ ಹೊರಗೆ ಬಂದು ಅಪ್ಪನಿಗೆ ತಲೆಯಾಡಿಸಿದರು. "ಏನೂ ತೊಂದರೆ ಇಲ್ಲ. ರಕ್ತದ ಟೆಸ್ಟೂ ಸರಿಯಾಗಿದೆ. ಮನೆಗೆ ಕರ್ಕೊಂಡು ಹೋಗಬಹುದು."

ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಸಾಸಿವೆ ಒಳಗೆ ಓಡಿದಳು.

ವರಾಂಡದ ಬೆಂಚಿನ ಮೇಲೆ ಎರಡು ಜಡೆಯವಳು ಕುಳಿತಿದ್ದಳು. ಒಂದು ಜಡೆ ಬಿಚ್ಚಿಹೋಗಿತ್ತು. ಅವಳು ಸಾಸಿವೆಯ ಮುಖ ನೋಡದೆ ಮೆಲ್ಲಗೆ ಹೇಳಿದಳು, "ಅಜ್ಜಿ ರಾತ್ರಿಯೆಲ್ಲ ಎದ್ದೇ ಕೂತಿದ್ರು. ಗಡಿಯಾರ ನೋಡ್ಕೊಂಡು. ನನ್ನ ಕೈ ಬಿಡಲೇ ಇಲ್ಲ. ನಿನಗೆ ಹೇಳ್ಬೇಡ ಅಂದಿದಾರೆ."

ಅಷ್ಟರಲ್ಲಿ ಅಜ್ಜಿಯೇ ಬಂದರು.

"ನೋಡಿದ್ಯಾ ಮರಿ, ಗುಂಡುಕಲ್ಲಿನ ಹಾಗಿದೀನಿ! ರಾತ್ರಿ ಎಂಥಾ ನಿದ್ದೆ ಅಂತೀ! ನನ್ನ ಗೊರಕೆಗೆ ಪಾಪ, ನರ್ಸಮ್ಮನೇ ಎದ್ದು ಓಡಿಹೋದಳು."

ಸಾಸಿವೆ ಅಜ್ಜಿಯ ಮುಖ ನೋಡಿದಳು. ಹಲ್ಲು ಇನ್ನೂ ಕಪ್ಪಗಿತ್ತು. ಕಣ್ಣುಗಳು ಕೆಂಪಗಾಗಿ ಗುಳಿಬಿದ್ದಿದ್ದವು. ನಿನ್ನೆಯ ತಮಾಷೆಗಳೆಲ್ಲ ಅವಳಿಗೆ ಒಂದೊಂದಾಗಿ ನೆನಪಾದವು. ಆ ಒಂದೊಂದು ತಮಾಷೆಯ ಹೊತ್ತಿಗೂ ಅಜ್ಜಿ ಗಡಿಯಾರ ನೋಡುತ್ತಿದ್ದಿರಬೇಕು.

"ಅಷ್ಟು ಜೋರು ಗೊರಕೆನಾ ಅಜ್ಜಿ?" ಎಂದಳು.

"ಹ್ಞೂಂ ಮತ್ತೆ! ಕಿಟಕಿ ಗಾಜೆಲ್ಲ ಅಲ್ಲಾಡ್ತಿತ್ತು."

ಆಸ್ಪತ್ರೆಯ ಮುಂದೆ ನಾಲ್ಕು ಮೆಟ್ಟಿಲು. ಅಜ್ಜಿ ಮೊದಲ ಮೆಟ್ಟಿಲಲ್ಲಿ ಸ್ವಲ್ಪ ತಡೆದರು. ಸಾಸಿವೆ ಹೋಗಿ ಅವರ ಕೈ ಹಿಡಿದುಕೊಂಡಳು. ಆ ದಪ್ಪ ಕೈ ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು. ಇನ್ನೊಂದು ಬದಿಗೆ ಎರಡು ಜಡೆಯವಳು ಬಂದು ನಿಂತಳು.

ಸಾಸಿವೆ ಏನೂ ಕೇಳಲಿಲ್ಲ. ಅಜ್ಜಿ ಇಳಿಯುವಷ್ಟೇ ನಿಧಾನವಾಗಿ ಒಂದೊಂದೇ ಮೆಟ್ಟಿಲು ಇಳಿದಳು.